ಎದುರು ತಂಡದ ಬೆಂಚು

ರಾಸ್ ಅಲ್ ಖೈರ್, ಸೌದಿ
16 ಜನವರಿ 2026, ಶುಕ್ರವಾರ

ಪ್ರೀತಿಯ ಮಗ ಸುಜಿತ್‌ಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ ಮಗಾ? ಅಮ್ಮನ ಸೊಂಟನೋವು ಎಂತಾಯ್ತು? ಎಣ್ಣೆ ಹಚ್ಚಿಕೋ ಎಂದರೆ ನಾಳೆ ಎನ್ನುತ್ತಾಳೆ. ಸುಂದರಿಯ ಆ ನಾಳೆ ಬಂದದ್ದನ್ನು ಮದುವೆಯಾದಂದಿನಿಂದ ನಾನು ನೋಡಿಲ್ಲ. ನಾನು ಇಲ್ಲಿ ಆರಾಮ. ಈಗ ಚಳಿ, ಸಮುದ್ರದ ಗಾಳಿ ಬೇರೆ. ಬೆಳಿಗ್ಗೆ ಕಬ್ಬಿಣದ ಪೈಪು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಆದರೂ ಕೆಲಸ ಮಾಡಲು ಇದೇ ಸುಖದ ಕಾಲ. ಫೋನ್ ಇರುವಾಗ ಪತ್ರ ಬರೆಯುವ ಹುಚ್ಚು ಈ ದೇಜಪ್ಪನಿಗೆ ಯಾಕೆ ಬಂತು ಎಂದು ನೀನು ಕೇಳಬಹುದು. ಕಾರಣ ಉಂಟು, ಮುಂದೆ ಹೇಳ್ತೇನೆ. ನಮ್ಮ ರೂಮಿನ ವಿಟ್ಲದ ರಝಾಕ್ ನಾಳೆ ರಜೆಯಲ್ಲಿ ಊರಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಖರ್ಜೂರವನ್ನೂ ಕಳಿಸುತ್ತಿದ್ದೇನೆ. ಅಕ್ಷರ ದೊಡ್ಡದಾಗಿ ಬರೆದದ್ದು ನೋಡಿ ಅಪ್ಪನ ಕಣ್ಣು ಹೋಯಿತು ಎಂದು ನಗಬೇಡ. ಅದಕ್ಕೂ ಕಾರಣ ಉಂಟು.

ನಿನ್ನ ಸಿದ್ದಕಟ್ಟೆ ಕಬಡ್ಡಿ ಮ್ಯಾಚಿನ ವಿಡಿಯೋ ನಾನು ಈ ಕ್ಯಾಂಪಿನಲ್ಲಿ ತೋರಿಸದ ಮನುಷ್ಯ ಇಲ್ಲ. ಆ ರೈಡರ್‌ನ ಕಾಲು ಹಿಡಿಯಲು ನೀನು ನುಗ್ಗಿದ್ದು, ಅವನ ಮೊಣಕಾಲು ನಿನ್ನ ಕಿವಿಯ ಮೇಲ್ಗಡೆ ಬಡಿದದ್ದು, ಆದರೂ ನೀನು ಹಿಡಿದ ಕಾಲು ಬಿಡದಿದ್ದದ್ದು. ಆಮೇಲೆ ಎದ್ದು ಮೈ ಕೊಡವಿಕೊಂಡು ಸೀದಾ ಎದುರು ತಂಡದ ಕಡೆಗೆ ಹೋಗಿ, ಅವರ ಸಾಲಿನಲ್ಲಿ ನಿಂತು, ಅವರ ಹುಡುಗನ ಕೈ ಹಿಡಿದುಕೊಂಡೆಯಲ್ಲ, ಅಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮೈಕಿನವನು ಸುಜಿತ್ ಪಕ್ಷಾಂತರ ಮಾಡಿದರು ಎಂದದ್ದಕ್ಕಂತೂ ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಪ್ಪತ್ತೈದಕ್ಕೆ ಉಪ್ಪಿನಂಗಡಿ ಮ್ಯಾಚು, ಅಲ್ಲಿಗೆ ಬ್ಯಾಂಕಿನ ತಂಡದವರು ನನ್ನ ಮಗನನ್ನು ನೋಡಲು ಬರುತ್ತಾರೆ, ಆಯ್ಕೆಯಾದರೆ ಬ್ಯಾಂಕಿನಲ್ಲೇ ಕೆಲಸ, ಮತ್ತೆ ನಾನು ಊರಿಗೆ ಗಂಟು ಮೂಟೆ ಕಟ್ಟುವುದೇ ಎಂದೂ ಎಲ್ಲರಿಗೆ ಹೇಳಿಕೊಂಡು ತಿರುಗಿದ್ದೇನೆ.

ನಮ್ಮ ಸೇಫ್ಟಿ ಟ್ರೇನರ್ ಒಬ್ಬರು ಸ್ವೀಡನ್ನಿನವರು, ನಿಕ್ಲಾಸ್ ಎಂದು. ಎಮ್ಮೆಕೋಣದಂಥ ಆಳು, ಆದರೆ ಮಾತು ತುಂಬಾ ಮೆಲ್ಲಗೆ. ಹೊಸಬರಿಗೆ ಪಾಠ ಮಾಡುವಾಗ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಸಿ ಮೊಟ್ಟೆ ಹಾಕಿ ಅಲ್ಲಾಡಿಸುತ್ತಾರೆ. ಡಬ್ಬಿಗೆ ಒಂದು ಗೀರೂ ಬಿದ್ದಿರುವುದಿಲ್ಲ, ತೆರೆದರೆ ಒಳಗೆ ಲೋಳೆ. ಹೆಲ್ಮೆಟ್ ಹಾಕಿದೆ ಎಂದು ತಲೆಯನ್ನು ಕಂಡಲ್ಲಿ ಬಡಿದುಕೊಳ್ಳಬೇಡಿ ಎನ್ನುತ್ತಾರೆ. ಆಫೀಸಿನ ಒಳಗೂ ಕಪ್ಪು ಕನ್ನಡಕ ತೆಗೆಯುವುದಿಲ್ಲ. ದೊಡ್ಡ ಜನ, ಶೋಕಿ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಸೋಮವಾರ ಚಾ ಕುಡಿಯುವಾಗ ಅವರಿಗೂ ನಿನ್ನ ವಿಡಿಯೋ ತೋರಿಸಿದೆ ಮಾರಾಯ. ಅವರು ನಗಲಿಲ್ಲ. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ಇದು ಯಾರು ಎಂದು ಕೇಳಿದರು. ನನ್ನ ಮಗ ಎಂದೆ. ಆ ದಿನದ ನಂತರ ಹುಡುಗ ಬೆಳಕಿಗೆ ಕಣ್ಣು ಮುಚ್ಚುತ್ತಾನಾ, ಶಬ್ದಕ್ಕೆ ರೇಗುತ್ತಾನಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಕೆಲಸ ಮುಗಿಸಿ ಬಾ ಎಂದು ಹೇಳಿ ಹೋದರು.

ಸಂಜೆ ಅವರ ಆಫೀಸಿನ ಹೊರಗೆ ಕೂತು ತಮ್ಮ ಕತೆ ಹೇಳಿದರು. ಈ ಮನುಷ್ಯ ಐಸ್ ಹಾಕಿ, ಎಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಆಟ, ಸಂಬಳಕ್ಕೆ ಆಡುತ್ತಿದ್ದವರಂತೆ. ನಮ್ಮಲ್ಲಿ ಐಸ್ ಎಂದರೆ ಬಂಗುಡೆ ಮೀನಿನ ಪೆಟ್ಟಿಗೆಯಲ್ಲಿ ಇರುವುದು. ಅವರ ಊರಿನಲ್ಲಿ ಚಳಿಗಾಲಕ್ಕೆ ಸಮುದ್ರವೇ ಗಟ್ಟಿಯಾಗುತ್ತದಂತೆ. ಅವರ ಅಪ್ಪ ಮರದ ಮಿಲ್ಲಿನ ಕೆಲಸದವರು, ಸಂಜೆ ಬಂದು ಅಂಗಳಕ್ಕೆ ನೀರು ಬಿಟ್ಟರೆ ಬೆಳಿಗ್ಗೆ ಮಗನಿಗೆ ಆಡಲು ಮೈದಾನ ತಯಾರು. ನಿನಗೆ ನಾನು ಗದ್ದೆಯಲ್ಲಿ ಗೆರೆ ಎಳೆದು ಕೊಟ್ಟದ್ದು ನೆನಪಾಯಿತು. ಊರಿನ ತಂಡದಿಂದ ಹತ್ತೊಂಬತ್ತಕ್ಕೇ ದೊಡ್ಡ ಲೀಗಿಗೆ ಹೋದರು. ಗೋಲು ಹೊಡೆಯುವವರಲ್ಲ, ತಡೆಯುವವರು, ನೀನು ಕಾರ್ನರಿನಲ್ಲಿ ನಿಂತ ಹಾಗೆ. ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನ ಹೆಸರು ಅವನ ಅಮ್ಮನಿಗೆ ಮಾತ್ರ ಗೊತ್ತು ಎಂದು ನಕ್ಕರು. ಹತ್ತು ಹನ್ನೆರಡು ವರ್ಷ ಒಳ್ಳೆಯ ಹೆಸರು, ಒಳ್ಳೆಯ ಸಂಬಳ.

ಒಂದು ಮ್ಯಾಚಿನಲ್ಲಿ ಯಾರೋ ಗುದ್ದಿ ಅವರ ತಲೆ ಮೈದಾನದ ಬದಿಯ ಹಲಗೆಗೆ ಬಡಿಯಿತು. ಎದ್ದರು, ರಕ್ತ ಇಲ್ಲ, ಏನಿಲ್ಲ. ಜಾರಿಕೊಂಡು ಹೋಗಿ ಎದುರು ತಂಡದ ಬೆಂಚಿನಲ್ಲಿ ಕೂತುಬಿಟ್ಟರು. ಸುತ್ತ ಕೂತವರ ಅಂಗಿಯ ಬಣ್ಣ ಬೇರೆ ಎಂದು ಕೂಡ ಹೊಳೆಯಲಿಲ್ಲವಂತೆ. ಇಡೀ ಸ್ಟೇಡಿಯಂ ನಕ್ಕಿತು. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು, ಅವರ ಅಪ್ಪನೂ ನಕ್ಕರು. ಆಗಲೇ ಹೊಸ ಕರಾರಿಗೆ ಸಹಿ ಹಾಕುವುದಿತ್ತು, ತಲೆನೋವು ಎಂದರೆ ಕೆಡುತ್ತದೆ ಎಂದು ಬಾಯಿ ಮುಚ್ಚಿಕೊಂಡು ಮುಂದಿನ ವಾರವೇ ಆಡಿದರು. ಮಾತ್ರೆ ನುಂಗಿ ಆ ವರ್ಷ ಕಳೆಯಿತು. ಮರುವರ್ಷ ಒಂದು ಸಣ್ಣ ತಾಗುವಿಕೆ, ಮಕ್ಕಳಿಗೆ ಕೂಡ ಪೆಟ್ಟಾಗದಂಥದ್ದು. ಅಷ್ಟಕ್ಕೇ ಬಿದ್ದವರು ಮತ್ತೆ ಮೈದಾನಕ್ಕೆ ಹೋಗಲಿಲ್ಲ. ಒಂದು ವರ್ಷ ಕತ್ತಲೆ ಕೋಣೆಯಲ್ಲಿ ಮಲಗಿದರಂತೆ. ಪುಟ್ಟ ಮಗಳು ಚಮಚ ಬೀಳಿಸಿದರೆ ಬೊಬ್ಬೆ ಹಾಕುತ್ತಿದ್ದರಂತೆ. ಮಗಳು ಆಮೇಲೆ ಅವರ ಕೋಣೆಗೆ ಬರುವುದನ್ನೇ ಬಿಟ್ಟಳು ಎನ್ನುವಾಗ ಮಾತ್ರ ಅವರ ಸ್ವರ ಸ್ವಲ್ಪ ಬದಲಾಯಿತು. ಕಪ್ಪು ಕನ್ನಡಕ ಶೋಕಿಗಲ್ಲ ಮಗಾ.

ರೂಮಿಗೆ ಬಂದು ಅನಿಷಾಗೆ ಫೋನ್ ಮಾಡಿದೆ. ಅವಳ ಮೇಲೆ ಸಿಟ್ಟು ಮಾಡಬೇಡ, ಅಕ್ಕ ಅಲ್ಲವಾ, ನಾನು ಕೇಳಿದ್ದಕ್ಕೆ ಹೇಳಿದಳು. ಹಗಲಿಡೀ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗುತ್ತೀಯಂತೆ. ಫೋನ್ ನೋಡುವುದು ಬಿಟ್ಟಿದ್ದೀಯಂತೆ. ಅಮ್ಮ ಮಿಕ್ಸಿ ಹಾಕಿದ್ದಕ್ಕೆ ತಟ್ಟೆ ಎಸೆದೆಯಂತೆ. ನೀನು ತಟ್ಟೆ ಎಸೆಯುವ ಹುಡುಗನೇ ಅಲ್ಲ. ಹೋದ ಶುಕ್ರವಾರ ಫೋನಿನಲ್ಲಿ ನೀನು ನನ್ನ ಹತ್ತಿರ ಊಟ ಆಯ್ತಾ ಎಂದು ಕೇಳಿದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ, ಇಡುವಾಗ ಮತ್ತೆ ಕೇಳಿದೆ. ಮಗನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ರಝಾಕ್‌ಗೆ ಹೇಳಿ ಮಲಗಿದ್ದೆ. ಈಗ ನನಗೆ ಹೆದರಿಕೆಯಾಗುತ್ತದೆ. ಬಾಯಿಬಿಟ್ಟೇ ಹೇಳ್ತೇನೆ, ತುಂಬಾ ಹೆದರಿಕೆಯಾಗುತ್ತದೆ. ತಲೆ ಗಟ್ಟಿ ಉಂಟೆಂದು ಬಂಡೆಗೆ ಹಾಯಬಾರದು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಮಂಗಳೂರಿನ ನರದ ಡಾಕ್ಟರ ಹತ್ತಿರ ಬುಧವಾರಕ್ಕೆ ಅನಿಷಾ ಸಮಯ ತೆಗೆದುಕೊಂಡಿದ್ದಾಳೆ. ಅವಳ ಜೊತೆ ಹೋಗು. ಅವರು ಆಡು ಎಂದರೆ ಆಡು, ನಾನು ಅಡ್ಡ ಬರುವುದಿಲ್ಲ. ಬ್ಯಾಂಕಿನವರು ಇನ್ನೊಮ್ಮೆ ಬರಲಿಕ್ಕಿಲ್ಲ ಎಂದು ನನಗೂ ಗೊತ್ತು. ಆದರೆ ನಾನು ಊರಿಗೆ ಬರುವುದು ನಿನ್ನ ಆ ಒಂದು ಮ್ಯಾಚಿನ ಮೇಲೆ ನಿಂತಿದೆ ಎಂದು ತಲೆಗೆ ಹಚ್ಚಿಕೊಳ್ಳಬೇಡ. ನಿನ್ನೆಯೇ ಆಫೀಸಿಗೆ ಹೋಗಿ ಇನ್ನೆರಡು ವರ್ಷ ಇರುತ್ತೇನೆ ಎಂದು ಸಹಿ ಹಾಕಿ ಬಂದೆ. ಇಲ್ಲಿರುವ ಪರವಾನಗಿಯ ಇಕಾಮಾ ಕಾರ್ಡು ಕಂಪನಿಯವರೇ ಮಾಡಿಸುತ್ತಾರೆ. ನನಗೆ ಇಲ್ಲಿ ಅಭ್ಯಾಸವಾಗಿದೆ, ಅದೇನು ದೊಡ್ಡ ಸಂಗತಿ ಅಲ್ಲ.

ಖರ್ಜೂರ ನೀನೊಬ್ಬನೇ ಮುಗಿಸಬೇಡ, ಅಮ್ಮನಿಗೂ ಅಕ್ಕನಿಗೂ ಕೊಡು. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನದೇ ದಾರಿ ನೋಡುವ ಅಪ್ಪ,
ದೇಜಪ್ಪ

ಮರೆತೆ: ರಝಾಕ್ ಪೆಟ್ಟಿಗೆ ಕಟ್ಟುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಫೋನಿನ ಬೆಳಕು ನಿನಗೆ ಆಗದು ಎಂದು ನಿಕ್ಲಾಸ್ ಹೇಳಿದ್ದಕ್ಕೇ ಕಾಗದ, ದೊಡ್ಡ ಅಕ್ಷರ. ಅವರಿಗೆ ಆಗ ಅರ್ಧ ಪುಟ ಓದುವಾಗ ಸಾಲುಗಳು ಹರಿದಾಡುತ್ತಿದ್ದವಂತೆ. ಇಲ್ಲಿಯವರೆಗೆ ನೀನೇ ಓದಿಕೊಂಡು ಬಂದಿದ್ದರೆ ಅಪ್ಪನ ಹೆದರಿಕೆಗೆ ನಗು, ಬುಧವಾರ ಡಾಕ್ಟರಿಗೆ ತೋರಿಸು, ಅಷ್ಟು ಸಾಕು. ನಡುವೆ ಎಲ್ಲೋ ಓದಲಾಗದೆ ಕಾಗದವನ್ನು ಅಕ್ಕನ ಕೈಗೆ ಕೊಟ್ಟು, ಈಗ ಅವಳು ಓದಿ ಹೇಳುತ್ತಿದ್ದರೆ, ಡಾಕ್ಟರು ಹೇಳುವವರೆಗೆ ಕಾಯಬೇಡ ಮಗಾ. ಎದ್ದು ಹೋಗಿ ನಿನ್ನ ಕಬಡ್ಡಿ ಶೂ ತಂದು ಅವಳ ಕೈಗೆ ಕೊಡು, ತೆಗೆದಿಡಲಿ.