ಚರ್ಚು ಯಾವ ರಾಜ್ಯದ್ದು?

ಜಾರ್ಜಿಯಾ, ಬ್ಲೂಬೆರಿ ತೋಟದ ಬಿಡಾರ
ಮಂಗಳವಾರ, ಮೇ ೬

ನನ್ನ ಫಿದೆನ್ಸಿಯೊ,

ಕೆಟ್ಟ ಕನಸು ಬಿತ್ತು. ಮಧ್ಯಾಹ್ನ ಉಂಡು ಮಗುವಿನ ಪಕ್ಕ ಹಾಗೇ ಕಣ್ಣು ಮುಚ್ಚಿದ್ದೆ. ನಮ್ಮ ಯುರೀದಿಯಾಳ ಜ್ಞಾನಸ್ನಾನ, ಪಾದ್ರಿಗಳು ನೀರು ಹೊಯ್ಯಲು ಕೈ ಎತ್ತಿದ್ದಾರೆ, ಜ್ಞಾನತಾಯಿಯಾಗಿ ಮಗುವನ್ನು ಹಿಡಿದುಕೊಳ್ಳಬೇಕಾದ ಕ್ರಿಸ್ಪೀನಕ್ಕನ ಕೈಗೆ ಕೋಳ. ಇಂಥದ್ದನ್ನೆಲ್ಲ ಫೋನಿನಲ್ಲಿ ಹೇಳಲು ಹೆದರಿಕೆ, ಅದಕ್ಕೇ ಕಾಗದ. ಇರಲಿ, ನಿನ್ನ ಸೊಂಟನೋವು ಹೇಗಿದೆ? ಆ ಫ್ಲಾರಿಡಾದ ತೋಪಿನಲ್ಲಿ ಪೈನ್ ಎಲೆ ಗುಡಿಸುವಾಗ ಬೂಟು ಹಾಕಿಕೋ, ಅದರಡಿ ಹಾವಿರುತ್ತದೆ. ಮಗುವಿಗೆ ನಾಲ್ಕು ತಿಂಗಳು ತುಂಬಿತು, ಕಿವಿ ಥೇಟ್ ನಿನ್ನದೇ. ನೀನಿನ್ನೂ ನೋಡಿಲ್ಲವಲ್ಲ, ನನ್ನ ಮಾತು ನಂಬು.

ಈಗ ಬರುವ ಭಾನುವಾರದ ಜ್ಞಾನಸ್ನಾನದ ವಿಷಯ. ಜ್ಞಾನತಾಯಿಯಾದವಳೇ ಮಗುವಿಗೆ ಬಿಳಿ ಅಂಗಿ ತೊಡಿಸಿ ತನ್ನ ಕಾರಿನಲ್ಲೇ ಚರ್ಚಿಗೆ ಕರೆದೊಯ್ಯುವುದು ನಮ್ಮಲ್ಲಿ ನಡೆದುಬಂದದ್ದು. ಕ್ರಿಸ್ಪೀನಕ್ಕನಿಗೆ ಇಲ್ಲಿರಲು ಕಾಗದಪತ್ರವಿದೆ, ಮಗು ಈ ದೇಶದಲ್ಲೇ ಹುಟ್ಟಿದ್ದು, ಕಾರಿನಲ್ಲಿ ಕಾಗದಪತ್ರವಿಲ್ಲದವಳು ನಾನೊಬ್ಬಳೇ. ಅಂಥವರನ್ನು ಫ್ಲಾರಿಡಾದೊಳಕ್ಕೆ ತಂದರೆ ಕಾರು ಓಡಿಸಿದವರಿಗೆ ಜೈಲು ಎಂದು ಆ ರಾಜ್ಯ ಕಾನೂನು ಮಾಡಿದೆಯಂತೆ. ಅದಕ್ಕೇ ತಾನೇ ನೀನು ಗಡಿಯ ಈಚೆ, ಜಾರ್ಜಿಯಾದಲ್ಲೇ ಇರುವ ಚರ್ಚು ಹುಡುಕಿದ್ದು, ನಿನ್ನಿಂದಲೂ ಯಾರೂ ಸಿಕ್ಕಿಬೀಳಬಾರದೆಂದು ಸೈಕಲ್ಲಿನಲ್ಲಿ ಬರುತ್ತೇನೆಂದದ್ದು. ಆದರೆ ಹಣ್ಣು ಆಯುವ ಶೆಡ್ಡಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮಂಥವರು ಫ್ಲಾರಿಡಾಕ್ಕೆ ನಡೆದು ಹೋದರೂ ತಪ್ಪಂತೆ. ಅಲ್ಲ, ಅದನ್ನು ಕೋರ್ಟು ತಡೆದಿದೆಯಂತೆ. ತಡೆದರೂ ಹಿಡಿಯುತ್ತಾರಂತೆ. ಹಾಗಾದರೆ ಸೈಕಲ್ಲಿನಲ್ಲಿ ಫ್ಲಾರಿಡಾಕ್ಕೆ ಹಿಂದಿರುಗುವಾಗ ನಿನ್ನ ಗತಿ? ಮೂರನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಯಾವುದೂ ತಲೆಗೆ ಹತ್ತುತ್ತಿಲ್ಲ. ಕ್ರಿಸ್ಪೀನಕ್ಕ ಮಾತ್ರ, “ಸುಮ್ನಿರೇ ಮಾರಾಯ್ತಿ, ಜೈಲಿಗೆ ಹಾಕಿದ್ರೆ ಹಾಕ್ಲಿ, ಮೂರು ಹೊತ್ತೂ ಬೇರೆಯೋರು ಬೇಯ್ಸಿ ಹಾಕ್ತಾರೆ” ಎಂದು ನಗುತ್ತಾಳೆ. ಅವಳಿಗೆ ಮೂರು ಮಕ್ಕಳು, ಫಿದೆನ್ಸಿಯೊ. ಇಲ್ಲಿರಲು ಕೊಟ್ಟ ಅವಳ ಕಾರ್ಡನ್ನೇ ಕಿತ್ತುಕೊಂಡರೆ?

ಕಳೆದ ಶನಿವಾರ ಅಂಗಿಗೆ ಲೇಸು ತರಲು ಅವಳ ಜೊತೆ ಹೊರಟಿದ್ದೆ. ನೆಟ್ಟಗಿನ ರಸ್ತೆ, ಎರಡೂ ಕಡೆ ಪೈನ್ ಮರ, ನದಿಯಿಲ್ಲ, ಸೇತುವೆಯಿಲ್ಲ. ಇದ್ದಕ್ಕಿದ್ದಂತೆ ಅವಳು, “ಅಯ್ಯೋ ದೇವ್ರೇ, ಫ್ಲಾರಿಡಾ ಬೋರ್ಡು ಕಣೇ!” ಎಂದಳು. ಬೋರ್ಡು ಆಗಲೇ ಹಿಂದೆ ಸರಿದಿತ್ತು. ಜೈಲೆಂದರೆ ನಗುವವಳು ಕಾರನ್ನು ಅಲ್ಲೇ ತಿರುಗಿಸಿಬಿಟ್ಟಳು. ಬಿಡಾರ ಮುಟ್ಟಿದ ಮೇಲೆ ಹೇಳಿದಳು, “ನಾವು ಒಂದ್ಸಲ ನದಿ ದಾಟಿ ಈ ದೇಶಕ್ಕೆ ಬಂದೋರು ನೋಡು, ಗಡಿ ಅಂದ್ರೆ ನೀರೇ ಇರ್ಬೇಕು ಅನ್ಕೊಂಡ್ಬಿಟ್ಟಿದೀವಿ.”

ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಗ್ವಾದಲೂಪೆ ತಾಯಿ ನಿನ್ನನ್ನು ಕಾಯಲಿ. ಕಾಗದದ ಹಿಂದಿರುವುದು ಕಲೆಯಲ್ಲ, ಮಗುವಿನ ಪಾದ. ಬ್ಲೂಬೆರಿ ರಸದಲ್ಲಿ ಅದ್ದಿ ಒತ್ತಿದ್ದೇನೆ.

ನಿನ್ನ
ಒಬ್ದೂಲಿಯಾ

ಮರೆತಿದ್ದೆ: ನಿನ್ನ ಕಡೆಯಿಂದ ಸೇತುವೆ ದಾಟಿದರೆ ಚರ್ಚು ಸಿಗುತ್ತದೆ, ಅಂದ ಮೇಲೆ ಅದು ಜಾರ್ಜಿಯಾದ್ದೇ ಎಂದಿದ್ದೆಯಲ್ಲ, ನೀನೂ ನೀರು ನೋಡಿಯೇ ಹೇಳಿದೆಯಾ? ಅಕ್ಕನಿಗೆ ನನ್ನ ಈ ಅನುಮಾನ ಹೇಳಿಲ್ಲ. ಹೇಳಿದರೂ ಅವಳು ಹೊರಡುವವಳೇ. ಚರ್ಚು ಫ್ಲಾರಿಡಾದ್ದಾದರೆ ನಾನು ಬರುವುದಿಲ್ಲ, ಹಾಲನ್ನು ಬಾಟಲಿಗೆ ತುಂಬಿ ಮಗುವನ್ನಷ್ಟೇ ಅವಳ ಜೊತೆ ಕಳಿಸುತ್ತೇನೆ, ನೀನು ಎತ್ತಿಕೋ. ಚರ್ಚಿಗೆ ಬಂದ ಯಾವುದಾದರೂ ಲಕೋಟೆ ತೋರಿಸಿ ಎಂದು ಪಾದ್ರಿಗಳನ್ನು ಕೇಳು. ವಿಳಾಸದ ಕೊನೆಯಲ್ಲಿ ಯಾವ ರಾಜ್ಯದ ಹೆಸರಿದೆ, ಇನ್ನೊಂದು ಸಲ ನೋಡು.