ಹತ್ತು ಅಡಿ ಮುರಕಲ್ಲು

ಬಂಟ್ವಾಳ
14-3-1958, ಬೆಳಿಗ್ಗೆ 7 ಗಂಟೆ

ಧಣಿಗಳಿಗೆ ನಮಸ್ಕಾರ.

ಇಂದು ಬೆಳಿಗ್ಗೆ ಆರಕ್ಕೆ ನನ್ನ ಅಣ್ಣ ಐತಪ್ಪ ಮಣ್ಣಿನೊಳಗಿಂದ ಮೂರು ಸಲ ತಟ್ಟಿದ. ಕೇಳಿಸಿಕೊಂಡವರು ನಿಮ್ಮ ಬಾವಿಕಟ್ಟೆಯಲ್ಲಿ ಕಾವಲು ನಿಂತಿರುವ ಪಾರುಪತ್ಯದ ಸುಬ್ಬಯ್ಯನವರೇ. ನಿನ್ನೆ ಸಂಜೆ ಹತ್ತು ಸಲ ತಟ್ಟಿದ್ದ.

ನೀರಿಗಾಗಿ ಅವನು ಗುಡ್ಡಕ್ಕೆ ಅಡ್ಡಲಾಗಿ ಕೊರೆಯುತ್ತಿದ್ದ ಸುರಂಗ ನಿನ್ನೆ ಮಧ್ಯಾಹ್ನ ಬಾಯಿಯ ಹತ್ತಿರ ಕುಸಿಯಿತು. ಅಲ್ಲಿರುವುದು ಇನ್ನೂ ಕಲ್ಲಾಗದ ಜೇಡಿಮಣ್ಣು. ತೆಗೆದಷ್ಟೂ ಜಾರುತ್ತಿದೆ. ನಿಮ್ಮ ಬಾವಿಯ ಕಡೆಗೆ ಗಟ್ಟಿ ಮುರಕಲ್ಲು ಉಂಟು, ಅದು ಕುಸಿಯುವುದಿಲ್ಲ. ಬಾವಿಗೆ ಇಳಿದು ಪಕ್ಕಕ್ಕೆ ಹತ್ತು ಅಡಿ ಕಡಿದರೆ ಅಣ್ಣ ಸಿಗುತ್ತಾನೆ.

"ನೀವು ಆ ಬಾವಿಯ ಹಗ್ಗ ಮುಟ್ಟಿದವರಲ್ಲ, ಒಳಗೆ ಇಳಿಯಲಿಕ್ಕುಂಟಾ ಮಾರಾಯ? ಧಣಿಗಳನ್ನು ಕೇಳು" ಎಂದರು ಸುಬ್ಬಯ್ಯನವರು. ಹಗ್ಗ ಮುಟ್ಟಬಹುದಾಗಿದ್ದರೆ ಅಣ್ಣ ಸುರಂಗ ಕೊರೆಯುತ್ತಿರಲಿಲ್ಲ. ಬಾವಿಯ ಶುದ್ಧಿಯನ್ನು ಆಮೇಲೆ ಮಾಡಿಸಿಕೊಳ್ಳಿ.

ಪತ್ರ ತರುವವಳು ಅತ್ತಿಗೆ ರಾಜೀವಿ. ಅವಳಿಗೆ ಓದಲು ಬರುವುದಿಲ್ಲ. ತಟ್ಟುವುದು ಕಡಿಮೆಯಾಗಿದೆ ಎಂದು ದಯವಿಟ್ಟು ಅವಳಿಗೆ ಹೇಳಬೇಡಿ. ನೀವಿರುವ ಮೂಡುಬಿದಿರೆಯಿಂದ ಈ ಕಡೆಗೆ ಹೊರಡುವ ಮುಂದಿನ ಬಸ್ಸಿಗೇ ಅವಳ ಕೈಯಲ್ಲಿ ಒಪ್ಪಿಗೆ ಕಳಿಸಿ.

ಆ ಬಸ್ಸು ಇಲ್ಲಿ ನಿಲ್ಲುವುದು ಹನ್ನೊಂದಕ್ಕೆ. ಉತ್ತರ ಏನೇ ಇರಲಿ, ಹನ್ನೊಂದೂಕಾಲಿಗೆ ನಾವು ಬಾವಿಗೆ ಇಳಿಯುತ್ತೇವೆ.

ಇತಿ,
ನಿಮ್ಮ ಒಕ್ಕಲು ಐತಪ್ಪನ ತಮ್ಮ
ಕೊರಗಪ್ಪ