ವಿಮೆ ಕಚೇರಿಯಲ್ಲಿ ಒಡಪು

ಅಬುಧಾಬಿ, ೨೦೦೭

ನೆಗೆಣ್ಣಿ ಗೌರವ್ವಗೆ ಆಶೀರ್ವಾದ.

ಮದುವೆಮನೆಯಲ್ಲಿ ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಲ್ಲದೆ ಬೇರೆಲ್ಲೂ ಗಂಡನ ಹೆಸರೆತ್ತಬಾರದೆಂದು ನಿಮಗೆಲ್ಲ ಕಟ್ಟಳೆ ಹಾಕಿದ ಹಿರಿಸೊಸೆ ನಾನು. ಇಲ್ಲಿ ಆರೋಗ್ಯ ವಿಮೆಯಿಲ್ಲದೆ ವೀಸಾ ಇಲ್ಲ, ನನ್ನ ಕಣ್ಣಿನ ಆಪರೇಷನ್ನೂ ಇಲ್ಲ. ವಿಮೆ ಕಚೇರಿಯ ಮಲಯಾಳಿ ಹುಡುಗಿ ಗಂಡನ ಹೆಸರು ಕೇಳಿದಳು. ಮಗ ಸಿದ್ದೇಶ ಹೇಳಹೋದರೆ, ಮಾಜೀನೇ ಹೇಳಬೇಕೆಂದು ಹಿಂದಿಯಲ್ಲಿ ಗದರಿಸಿದಳು.

"ಹೇಳಿಬಿಡವಾ, ಇಲ್ಲಿ ಯಾರ ಕೇಳ್ತಾರ?" ಎಂದ ಸಿದ್ದೇಶ.

ಎದ್ದು ನಿಂತು, ಸೆರಗು ಹೊದ್ದು ಹೇಳಿದೆ: "ಮರಳಿನ ನಾಡಾಗ ಮಳಿಯಿಲ್ಲ ಹನಿಯಿಲ್ಲ, ನಮ್ಮ ಚನ್ನಮಲ್ಲಪ್ಪನವರಿಗೆ ಎಣಿಯಿಲ್ಲ."

ಹುಡುಗಿ ನಕ್ಕು, ಹೆಸರಷ್ಟೇ ಸಾಕೆಂದಳು. ಹೆಸರಷ್ಟೇ ಹೇಳಿದೆ. ವಿಮೆ ಕಾರ್ಡು ಕೈಗೆ ಬಂತು. ನನ್ನ ಸಕ್ಕರೆ ಕಾಯಿಲೆಯೂ ಹತೋಟಿಯಲ್ಲಿದೆ, ಕಣ್ಣಿನ ಆಪರೇಷನ್ನಿಗೆ ಅಡ್ಡಿಯಿಲ್ಲ.

ಇನ್ನು ನೀವೂ ಆಸ್ಪತ್ರೆ, ಕಚೇರಿಗಳಲ್ಲಿ ಹೆಸರು ಹೇಳಿರಿ. ಕಟ್ಟಳೆಯನ್ನು ನಾನೇ ಮುರಿದು ಬಂದಿದ್ದೇನೆ.

ನಿನ್ನ ಅಕ್ಕ,
ಶರಣವ್ವ